ಬಳೆಗಾರರು ಪಾದ್ರಿಯಾದ ಸಂಜೆ

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯ ಅಂಚಿನಲ್ಲಿ, ಒಂದು ಚರ್ಚಿಗೆ ಆತುಕೊಂಡಂತಿದ್ದ ಸಣ್ಣ ಮನೆಯಲ್ಲಿ. ಚರ್ಚಿನ ಒಂದು ಮಗ್ಗುಲಿಗೆ ರೇಲ್ವೆ ಹಳಿ, ಇನ್ನೊಂದು ಮಗ್ಗುಲಿಗೆ ನೇಕಾರರ ಓಣಿ. ಊರ ಜನ ಅದನ್ನು ಚರ್ಚು ಅನ್ನುತ್ತಿರಲಿಲ್ಲ, ರೇಲ್ವೆ ಗುಡಿ ಅನ್ನುತ್ತಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ. ಗದಗಿಗೆ ರೈಲು ಬಂದ ಹೊಸದರಲ್ಲಿ ಇಂಗ್ಲಿಷ್ ಸಾಹೇಬರು ತಮ್ಮ ಆಂಗ್ಲಿಕನ್ ಪದ್ಧತಿಯ ಪ್ರಾರ್ಥನೆಗೆಂದು ಕಟ್ಟಿಸಿಕೊಂಡ ಗುಡಿ ಅದು. ದೇಶಕ್ಕೆ ಸ್ವಾತಂತ್ರ್ಯ ಬಂದು ಸಾಹೇಬರು ಗಂಟುಮೂಟೆ ಕಟ್ಟಿದ ಮೇಲೆ, ಅವರ ಮನೆಗಳಲ್ಲಿ ಅಡಿಗೆ ಮಾಡಿದವರ, ಮಕ್ಕಳನ್ನು ಆಡಿಸಿದವರ, ಎಂಜಿನ್ನಿಗೆ ಕಲ್ಲಿದ್ದಲು ಹಾಕಿದವರ ಮಕ್ಕಳು ಮೊಮ್ಮಕ್ಕಳೇ ಅದರ ಸಭೆ, ಅಂದರೆ ಭಕ್ತಸಮೂಹವಾದರು. ಅವರಲ್ಲಿ ನಾವೂ ಒಬ್ಬರು.

ಚರ್ಚಿಗೆ ಗೋಡೆ ಇತ್ತು, ಚರ್ಚಿನ ಅಂಗಳಕ್ಕೆ ಗೋಡೆ ಇರಲಿಲ್ಲ. ಸೋಮವಾರದಿಂದ ಶನಿವಾರದ ತನಕ ನೇಕಾರರು ಅಲ್ಲಿ ಹಾಸು ಹೂಡುತ್ತಿದ್ದರು. ಸೀರೆಗೆ ಬೇಕಾದ ಉದ್ದನೆಯ ನೂಲನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿ, ಗಂಜಿ ಸವರಿ, ಬಿಸಿಲಿಗೆ ಒಣಗಿಸುವ ಕೆಲಸ ಅದು. ಶಾಲೆಗೆ ಹೋಗುವಾಗ ನಾವು ಆ ಕೆಂಪು, ಗಿಣಿಹಸಿರು ನೂಲಿನ ಕೆಳಗೆ ನುಸುಳಿ ಓಡುತ್ತಿದ್ದೆವು. ತಲೆಗೆ ಗಂಜಿ ಹತ್ತಿದರೆ ಅವ್ವನಿಂದ ಬೈಗುಳ.

ಭಾನುವಾರ ಗೂಟಗಳು ಖಾಲಿ. ಆ ದಿನ ಬೇವಿನ ಗಿಡದ ಬುಡಕ್ಕೆ ಬಳೆಗಾರ ಕಾಕಾ ಬಂದು ಕೂಡುತ್ತಿದ್ದರು. ಅವರು ಮುಸಲ್ಮಾನರು, ನಮ್ಮ ಓಣಿಯ ಹಿಂದಿನ ಓಣಿಯವರು. ಎತ್ತರದ ಆಳು, ಕೆಂಪು ಮೈಬಣ್ಣ, ಬೋಳಿಸಿದ ಮೀಸೆ, ಎದೆಯ ತನಕ ಬಿಳಿ ಗಡ್ಡ, ಬೆಕ್ಕಿನ ಕಣ್ಣು. ಪ್ರಾರ್ಥನೆ ಮುಗಿಸಿ ಹೊರಬಂದ ಹೆಂಗಸರು ನೇರ ಅವರ ಕಡೆ ಹೋಗಿ ಕೈ ಚಾಚುವುದು ಅವರ ಅಜ್ಜನ ಕಾಲದಿಂದ ನಡೆದು ಬಂದದ್ದಂತೆ. ನಮ್ಮವ್ವ ಮಾತ್ರ ಅವರೆದುರು ಕೂತು ಊರ ಖಬರೆಲ್ಲ ಮಾತಾಡುತ್ತಿದ್ದಳೇ ಹೊರತು ಕೈ ಚಾಚುತ್ತಿರಲಿಲ್ಲ. ನಮ್ಮಪ್ಪ ತೀರಿಕೊಂಡ ದಿನ ಅವಳು ಬಳೆ ತೆಗೆದಿದ್ದಳು. ಹಾಗೆ ಮಾಡಬೇಕೆಂದು ನಮ್ಮ ಧರ್ಮದಲ್ಲಿ ಎಲ್ಲೂ ಹೇಳಿಲ್ಲ. ಓಣಿಯ ರೂಢಿ ಹಾಗಿತ್ತು, ನಾವೂ ಹಾಗೇ ನಡೆದುಕೊಂಡಿದ್ದೆವು. ಅವ್ವ ಹೆರಿಗೆ ಮಾಡಿಸುವ ನರ್ಸು. ಕೈಯಲ್ಲಿ ಬಳೆ ಇಲ್ಲದ್ದು ಕೆಲಸಕ್ಕೂ ಅನುಕೂಲವೇ ಆಯಿತು ಅನ್ನುತ್ತಿದ್ದಳು.

ಎಂಬತ್ತರ ದಶಕದ ನಡುವೆ ಚರ್ಚಿಗೆ ನೂರು ವರ್ಷ ತುಂಬುತ್ತದೆ ಅನ್ನುವ ಮಾತು ಎದ್ದಿತು. ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಕರಾವಳಿಯಿಂದ ಹೊಸದಾಗಿ ವರ್ಗವಾಗಿ ಬಂದವರು. ಅಚ್ಚುಕಟ್ಟಾದ ಪುಸ್ತಕದ ಕನ್ನಡ ಮಾತಾಡುತ್ತಿದ್ದರು. ಗದಗ-ಬೆಟಗೇರಿಯ ಜೊತೆಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕೆಲವು ಮನೆಗಳೂ ಅವರ ಪಾಲಿಗೆ ಸೇರಿದ್ದವು. ವಾರಕ್ಕೊಂದು ಊರಿನಂತೆ ಕೆಂಪು ಬಸ್ಸಿನಲ್ಲಿ ಓಡಾಡಿ ಆಗಲೇ ಬಡವಾಗಿದ್ದರು. ನಾನು ಆಗ ಪ್ರಾಥಮಿಕ ಶಾಲೆಯಲ್ಲಿ ಟೀಚರು, ನೌಕರಿಗೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಒಂದು ಭಾನುವಾರ ಅಯ್ಯನವರು ನನ್ನನ್ನು ಕರೆದು, ನೂರು ವರ್ಷದ ಹಬ್ಬಕ್ಕೆ ಚರ್ಚಿನ ಇತಿಹಾಸ ಬೇಕು, ಹಳಬರನ್ನು ಕೇಳಿ ಬರೆಯಿರಿ ಅಂದರು. ಹಳೆಯ ಕಾಗದಪತ್ರ ಏನಾದರೂ ಇವೆಯೇ ಅಂತ ಕೇಳಿದೆ. ಗೆದ್ದಲಿಗೆ ಎಂದೋ ಊಟವಾಗಿದೆ ಅಂದರು.

ಮೊದಲು ಹೋದದ್ದು ಗಾರ್ಡ್ ಸಾಹೇಬರ ಮನೆಗೆ. ಅವರು ಗೂಡ್ಸ್ ರೈಲಿನ ಗಾರ್ಡ್ ಆಗಿ ನಿವೃತ್ತರಾದವರು, ನಮ್ಮ ಸಭೆಯ ಹಿರಿಯರು. ದೊಡ್ಡ ಮೀಸೆ, ಇಸ್ತ್ರಿ ಮಾಡಿದ ಅಂಗಿ. ಜಾಗ ರೇಲ್ವೆಯವರದು, ಇಟ್ಟಂಗಿ ರೇಲ್ವೆಯವರದು, ಘಂಟೆ ಸುದ್ದಾ ಹಳೇ ಎಂಜಿನ್ನಿನದು, ಅದಕ್ಕಿಂತ ಬ್ಯಾರೆ ಇತಿಹಾಸ ಏನೂ ಇಲ್ಲ ಅಂತ ಅವರು ಕುರ್ಚಿಯಿಂದ ಏಳದೆ ಹೇಳಿ ಮುಗಿಸಿದರು.

ಅಲ್ಲಿಂದ ನೇಕಾರ ಅಜ್ಜನ ಕಡೆ ಹೋದೆ. ಅಂಗಳದಲ್ಲಿ ಹಾಸು ಹೂಡುವವರಲ್ಲಿ ಅವರೇ ಹಿರಿಯರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಓಡಿಸುತ್ತಲೇ ಬೇರೆಯೇ ಕತೆ ಹೇಳಿದರು. ಜಾಗ ಅವರ ಅಜ್ಜನದು. ಪಾದ್ರಿ ಸಾಹೇಬ ಬಂದು ಕೇಳಿದಾಗ ಅವರಜ್ಜ ಕೊಟ್ಟ, ಆದರೆ ಒಂದು ಮಾತಿನ ಮೇಲೆ ಕೊಟ್ಟ. ವಾರದಲ್ಲಿ ಒಂದು ದಿನ ದೇವರದು, ಉಳಿದ ದಿನ ನೂಲಿನದು. ಸಾಹೇಬರ ಟಾಂಗಾ ನಡುವಾರದಲ್ಲಿ ಬಂದರೆ ನೇಕಾರರು ಎರಡೂ ಕಡೆ ನಿಂತು ಹಾಸನ್ನು ಮೇಲೆತ್ತಿ ಹಿಡಿಯುತ್ತಿದ್ದರಂತೆ, ಟಾಂಗಾ ಅದರ ಕೆಳಗೆ ಹಾದು ಹೋಗುತ್ತಿತ್ತಂತೆ.

“ಕುದರಿ ಹಾಸು ಕಂಡು ಬೆದರಲಿಲ್ಲೇನಜ್ಜಾ?” ಅಂತ ಕೇಳಿದೆ.

“ಕುದರಿಗೆ ರೂಢಿ ಆಗಿತ್ತು,” ಅಂದರು ಅಜ್ಜ. “ಸಾಹೇಬಗs ರೂಢಿ ಆಗಿರಲಿಲ್ಲ. ದಿನಾ ತಲಿ ಬಗ್ಗಸ್ತಿದ್ದ.”

ಮೂರನೆಯ ಕತೆ ಮನೆಯಲ್ಲೇ ಇತ್ತು, ನಾನೇ ಎಂದೂ ಕೇಳಿರಲಿಲ್ಲ. ರೊಟ್ಟಿ ಬಡಿಯುತ್ತಾ ಅವ್ವ ಹೇಳಿದಳು. ಅವಳ ಅಜ್ಜಿ ಆ ಮೊದಲ ಪಾದ್ರಿಯ ಬಂಗಲೆಯಲ್ಲಿ ಆಯಾ ಆಗಿದ್ದಳಂತೆ. ಆ ಕಾಲಕ್ಕೆ ಚರ್ಚಿನ ಒಳಗೆ ಸಾಹೇಬರಷ್ಟೇ ಕೂಡುವುದು. ಆಯಾಗಳು, ಬಟ್ಲರುಗಳು ಹೊರಗೆ ಬೇವಿನ ಗಿಡದ ಕೆಳಗೆ ಕೂತು ಕಿಟಕಿಯಿಂದ ಬರುವ ಹಾಡು ಕೇಳಬೇಕು. ಹೊರಗೆ ಕೂತ ಹೆಂಗಸರು ಹೊತ್ತು ಹೋಗಲೆಂದು ಬಳೆಗಾರನನ್ನು ಕರೆಸಿಕೊಂಡು ಬಳೆ ಹಾಕಿಸಿಕೊಳ್ಳುತ್ತಿದ್ದರು. ಒಂದು ದಿನ ಪಾದ್ರಿಯ ಹೆಂಡತಿ, ಮೇಡಂ ಅನ್ನಲು ಬಾರದೆ ಎಲ್ಲರೂ ಅವಳನ್ನು ಮಡ್ಡಮ್ಮ ಅನ್ನುತ್ತಿದ್ದರು, ಪ್ರಾರ್ಥನೆ ಮುಗಿದ ಮೇಲೆ ಬಂಗಲೆಗೆ ಹೋಗುವ ಬದಲು ಗಿಡದ ಕೆಳಗೆ ಬಂದು, ನೆಲದ ಮೇಲೆ ಕೂತು, ಕೈ ಚಾಚಿದಳಂತೆ. ಒಳಗಿನವರು ಹೊರಗೆ ಬಂದದ್ದು ಅದೇ ಮೊದಲು. ಮುಂದೆ ಹೊರಗಿನವರು ಒಳಗೆ ಹೋದದ್ದೂ ಆ ಮಡ್ಡಮ್ಮನ ಹಟದಿಂದಲೇ ಅಂತ ಅವ್ವನ ಅಜ್ಜಿ ಹೇಳುತ್ತಿದ್ದಳಂತೆ.

ಈ ಮೂರನ್ನೂ ನಾನು ಸಭೆಯ ಮುಂದೆ ಇಟ್ಟೆ. ಗಾರ್ಡ್ ಸಾಹೇಬರು ಎದ್ದು ನಿಂತರು. ನೇಕಾರರು ಜಾಗ ಕೊಟ್ಟರು ಅಂತ ಓದಿದರೆ ನಾಳೆ ಅವರು ಜಾಗ ಕೇಳುತ್ತಾರೆ ಅಂದರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನೇಕಾರ ಅಜ್ಜ, ಓದದಿದ್ದರೂ ನಾವು ನಾಳೆ ಬೆಳಿಗ್ಗೆ ಹಾಸು ಹೂಡುವವರೇ ಅಂದರು. ಅಯ್ಯನವರು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿದರು. ಆಗ ಹೆಂಗಸರ ಸಾಲಿನಿಂದ ನಮ್ಮವ್ವ ಮಾತಾಡಿದಳು.

“ಓದೂದು ಬ್ಯಾಡ. ನಾಟಕ ಮಾಡೋಣು. ನಾಟಕದಾಗ ರೇಲ್ವೆಯವರೂ ಕೊಡ್ಲಿ, ಅಜ್ಜಾನೂ ಕೊಡ್ಲಿ. ನಾಟಕದ ಮ್ಯಾಲೆ ಯಾರೂ ಕೋರ್ಟಿಗೆ ಹೋಗೂದಿಲ್ಲ.”

ಗದಗಿನ ಜನಕ್ಕೆ ನಾಟಕ ಅಂದರೆ ಮುಗಿಯಿತು. ಊಟ ಬಿಟ್ಟಾರು, ನಾಟಕ ಬಿಡಲಾರರು. ಸಭೆ ಅಲ್ಲೇ ಒಪ್ಪಿತು. ಬರೆಯುವ ಕೆಲಸ ನನ್ನ ತಲೆಗೆ ಬಂತು.

ಮೊದಲ ಪಾದ್ರಿಯ ಪಾತ್ರ ತಮ್ಮದೇ ಅಂತ ಗಾರ್ಡ್ ಸಾಹೇಬರು ಯಾರೂ ಕೇಳುವ ಮೊದಲೇ ಹೇಳಿಕೊಂಡಿದ್ದರು. ತಮಗೆ ಇಂಗ್ಲಿಷ್ ಬರುತ್ತದೆ ಅನ್ನುವುದು ಅವರ ಕಾರಣ. ಆದರೆ ಚರ್ಚಿನ ಒಳಕೋಣೆಯಲ್ಲಿ ಆ ಪಾದ್ರಿಯ ಫೋಟೋ ಒಂದು ಉಳಿದಿತ್ತು. ಅಯ್ಯನವರು ಅದನ್ನು ತಂದು ಬೆಳಕಿಗೆ ಹಿಡಿದರು. ಬೋಳಿಸಿದ ಮೀಸೆ, ಎದೆಯ ತನಕ ಬಿಳಿ ಗಡ್ಡ, ನೀಳ ಮೂಗು, ತಿಳಿ ಕಣ್ಣು. ನೋಡಿದವರೆಲ್ಲ ಒಂದೇ ಸಲ ತಿರುಗಿ ಹೊರಗಿನ ಗಿಡದ ಕಡೆ ನೋಡಿದರು. ಗಿಡದ ಕೆಳಗೆ ಬಳೆಗಾರ ಕಾಕಾ ಪೆಟ್ಟಿಗೆ ಕಟ್ಟುತ್ತಿದ್ದರು.

ಗಾರ್ಡ್ ಸಾಹೇಬರಿಗೆ ಇದು ಬಹಳ ಚುಚ್ಚಿತು. ಪಾದ್ರಿಯ ಪಾರ್ಟು ಮಾಡಲು ನಮ್ಮವರು ಯಾರೂ ಸಿಗಲಿಲ್ಲವೇ ಅಂದರು. ನೀವು ಮೀಸೆ ತೆಗೆದು ಗಡ್ಡ ಕಟ್ಟಿಕೊಳ್ಳುವುದಾದರೆ ಪಾರ್ಟು ನಿಮಗೇ ಅಂತ ಅಯ್ಯನವರು ಮೆತ್ತಗೆ ಹೇಳಿದರು. ಗಾರ್ಡ್ ಸಾಹೇಬರ ಕೈ ತಾನಾಗಿಯೇ ಮೀಸೆಯ ಮೇಲೆ ಹೋಯಿತು. ಆ ಮಾತು ಅಲ್ಲಿಗೆ ನಿಂತಿತು.

ಕಾಕಾ ತಕ್ಷಣ ಹೂಂ ಅನ್ನಲಿಲ್ಲ. ತಮ್ಮ ಮೌಲಾನಾರನ್ನು ಕೇಳಿ ಹೇಳುತ್ತೇನೆ ಅಂದರು. ಎರಡು ದಿನ ಬಿಟ್ಟು ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತು ಚಹಾ ಕುಡಿದು, ಆಮೇಲೆ ಹೇಳಿದರು. ವೇಷ ಹಾಕಬಹುದು, ಮಾತಾಡಬಹುದು, ಆದರೆ ಪಾದ್ರಿಯಾಗಿ ಪ್ರಾರ್ಥನೆ ಮಾಡುವುದು ಬೇಡ ಅಂತ ಮೌಲಾನಾ ಹೇಳಿದ್ದಾರೆ.

“ಅಷ್ಟು ಆಗತೈತೇನವಾ, ಟೀಚರs? ಪ್ರಾರ್ಥನಾ ಮಾಡದ ಪಾದ್ರಿ?”

ಆಗುತ್ತದೆ ಅಂದೆ. ಅದರಿಂದಾಗಿ ನನ್ನ ನಾಟಕದ ಪಾದ್ರಿ ಅಂಗಳ ಅಳೆದ, ಸುಣ್ಣ ಕಲಸಿದವರ ಜೊತೆ ಜಗಳ ಆಡಿದ, ಟಾಂಗಾದಲ್ಲಿ ತಲೆ ಬಗ್ಗಿಸಿದ, ಹೊಂಬಳದ ದಾರಿಯಲ್ಲಿ ಎರೆಮಣ್ಣಿಗೆ ಒಂದು ಬೂಟು ಕಳೆದುಕೊಂಡ. ಎಲ್ಲ ಮಾಡಿದ, ಪ್ರಾರ್ಥನೆ ಒಂದನ್ನು ಬಿಟ್ಟು. ಕೊನೆಯ ಪ್ರಾರ್ಥನೆ ನಾನೇ ಮಾಡುತ್ತೇನೆ, ಹೇಗೂ ಅದು ನನ್ನ ನೌಕರಿಯೇ ಅಂತ ಅಯ್ಯನವರು ನಕ್ಕರು.

ಇನ್ನು ಮಡ್ಡಮ್ಮ. ನಮ್ಮ ಹುಡುಗಿಯರು ಯಾರೂ ಮುಂದೆ ಬರಲಿಲ್ಲ. ಮದುವೆಯಾಗದವರಿಗೆ ಮದುವೆಯ ಚಿಂತೆ, ಆದವರಿಗೆ ಗಂಡನ ಚಿಂತೆ. ನಾನು ಮಾಡೋಣವೆಂದರೆ ಪರದೆಯ ಮರೆಯಲ್ಲಿ ನಿಂತು ಎಲ್ಲರಿಗೂ ಮಾತು ಹೇಳಿಕೊಡುವವರು ಬೇರೆ ಇರಲಿಲ್ಲ. ಕಡೆಗೆ ಅವ್ವ ತಾನೇ ಮಾಡುತ್ತೇನೆ ಅಂದಳು. ಅವ್ವನ ಬಣ್ಣ ಎಣ್ಣೆಗಪ್ಪು, ದನಿ ಮೂರು ಓಣಿಗೆ ಕೇಳುವಂಥದ್ದು. ನಾನು ಅನುಮಾನದಿಂದ ನೋಡಿದ್ದು ಅವಳಿಗೆ ಗೊತ್ತಾಯಿತು. ಪೌಡರ್ ಇರುವುದು ಯಾಕೆ ಅಂತ ಕೇಳಿದಳು.

ಗಾರ್ಡ್ ಸಾಹೇಬರು ತಾಲೀಮಿನ ಕಡೆ ಬರುತ್ತಲೇ ಇರಲಿಲ್ಲ. ಅವರಿಲ್ಲದೆ ಮಾಡುವುದು ಯಾರ ಮನಸ್ಸಿಗೂ ಒಪ್ಪಿಗೆಯಾಗಲಿಲ್ಲ. ಒಂದು ಸಂಜೆ ಕಾಕಾ ತಾವೇ ಅವರ ಮನೆಗೆ ಹೋದರು. ಅಲ್ಲಿ ಏನು ಮಾತಾಯಿತೋ ಪೂರ್ತಿ ಗೊತ್ತಿಲ್ಲ. ನಾಟಕದ ಬಳೆಗಾರ ಅಂದರೆ ನನ್ನಜ್ಜ, ಆ ಪಾರ್ಟು ಖಾಲಿ ಬಿದ್ದಿದೆ, ಅಜ್ಜನಿಗೂ ನಿಮ್ಮಂಥದೇ ಮೀಸೆ ಇತ್ತು ಅಂತ ಹೇಳಿದರಂತೆ. ಮರುದಿನ ಗಾರ್ಡ್ ಸಾಹೇಬರು ಇಸ್ತ್ರಿ ಅಂಗಿಯಲ್ಲೇ ತಾಲೀಮಿಗೆ ಬಂದು, ಬಳೆಗಾರನ ಮಾತು ಎಷ್ಟಿವೆ ತೋರಿಸು ಅಂದರು. ಕಡಿಮೆ ಇವೆ ಅನ್ನಿಸಿ, ಇನ್ನೊಂದಿಷ್ಟು ಬರೆಸಿಕೊಂಡರು. ಹೀಗೆ ಬಳೆಗಾರರು ಪಾದ್ರಿ, ಸಭೆಯ ಹಿರಿಯರು ಬಳೆಗಾರ. ನೇಕಾರ ಅಜ್ಜ ತಮ್ಮ ಅಜ್ಜನೇ ಆದರು. ಅವರಿಗೆ ತಾಲೀಮೂ ಬೇಕಾಗಲಿಲ್ಲ.

ಹಬ್ಬದ ದಿನ ಬೆಳಿಗ್ಗೆಯಿಂದಲೇ ಜನ ಬರತೊಡಗಿದರು. ಲಕ್ಷ್ಮೇಶ್ವರದವರು ಬಸ್ಸಿನ ಮೇಲೆ ರೊಟ್ಟಿಯ ಬುಟ್ಟಿ ಹೇರಿಕೊಂಡು ಬಂದರು. ಮುಂಡರಗಿಯವರು ಉಳ್ಳಾಗಡ್ಡಿ ಚೀಲದ ಟೆಂಪೋದಲ್ಲಿ ಕೂತು ಬಂದು ಇಡೀ ದಿನ ಅದೇ ವಾಸನೆ ಬೀರಿದರು. ಶಿರಹಟ್ಟಿಯಿಂದ ಬಂದದ್ದು ಎರಡೇ ಮನೆಯವರು, ಆದರೆ ಹಾಡುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಕಣಗಿನಹಾಳದ ಕಡೆಯಿಂದ ಚಕ್ಕಡಿಗಳು ಬಂದವು. ನಮ್ಮ ಧರ್ಮದವರಲ್ಲದವರೇ ಹೆಚ್ಚು, ಅವರೆಲ್ಲ ನಾಟಕಕ್ಕೆ ಬಂದವರು. ಹೊರಗಿನವರು ಕೊನೆಯ ಬಸ್ಸು ಹಿಡಿಯಬೇಕಾದ್ದರಿಂದ ನಾಟಕವನ್ನು ಇಳಿಹೊತ್ತಿಗೇ ಇಟ್ಟುಕೊಂಡಿದ್ದೆವು. ನೇಕಾರರು ತಮ್ಮ ಗೂಟಗಳಿಗೇ ಸೀರೆ ಕಟ್ಟಿ ಪರದೆ ಮಾಡಿಕೊಟ್ಟರು.

ನೇಕಾರ ಅಜ್ಜ ಜಾಗ ಕೊಡುವ ದೃಶ್ಯಕ್ಕೆ ನೇಕಾರರ ಓಣಿ ಚಪ್ಪಾಳೆ ಹೊಡೆಯಿತು, ರೇಲ್ವೆ ಸಾಹೇಬ ಜಾಗ ಕೊಡುವ ದೃಶ್ಯಕ್ಕೆ ರೇಲ್ವೆ ಕಾಲೊನಿ ಹೊಡೆಯಿತು. ಎರಡೂ ಕಡೆಯವರು ಒಂದೇ ಹಗ್ಗದ ಎರಡು ತುದಿ ಹಿಡಿದು ಅಂಗಳ ಅಳೆದರು. ಬಿಳಿ ನಿಲುವಂಗಿಯಲ್ಲಿ ಕಾಕಾ ಬಂದು ನಿಂತಾಗ ಫೋಟೋ ಎದ್ದು ಬಂದಂತೆ ಇತ್ತು. ಅವರು ಬಾಯಿ ತೆಗೆದು ಶುದ್ಧ ಬೆಟಗೇರಿ ಕನ್ನಡದಲ್ಲಿ, ಸುಣ್ಣ ತೆಳ್ಳಗಾತು ಅಂತ ಗೋಡೆ ಕಟ್ಟುವ ಗೌಂಡಿಗೆ ಬೈದ ಕೂಡಲೇ ಜನ ಬಿದ್ದು ಬಿದ್ದು ನಕ್ಕರು. ಅವ್ವ ದೊಡ್ಡ ಫ್ರಾಕಿನಂಥ ಉಡುಪು ತೊಟ್ಟು, ಮುಖಕ್ಕೆ ಪೌಡರ್ ಬಡಿದುಕೊಂಡು ಬಂದಳು. ಕುತ್ತಿಗೆಯಿಂದ ಕೆಳಗೆ ಪೌಡರ್ ಸಾಲದೆ ಹೋಗಿತ್ತು. ಯಾರಿಗೂ ಅದು ಅಡ್ಡ ಬರಲಿಲ್ಲ.

ಬಳೆಯ ದೃಶ್ಯ ಬಂತು. ತಾಲೀಮಿನಲ್ಲಿ ಬರೀ ಕೈ ಆಡಿಸಿ ಮುಗಿಸುತ್ತಿದ್ದೆವು. ಆದರೆ ಆ ದಿನ ಎದುರಿಗೆ ಕಾಕಾರ ಪೆಟ್ಟಿಗೆ ತೆರೆದಿತ್ತು, ಜನ ಕಿಕ್ಕಿರಿದಿದ್ದರು, ಗಾರ್ಡ್ ಸಾಹೇಬರಿಗೆ ಹುರುಪು ಬಂತು. ಖರೆ ಬಳೆಯನ್ನೇ ತೆಗೆದು ಅವ್ವನ ಕೈಗೆ ಏರಿಸಲು ಹೋದರು. ಬಳೆ ಒಡೆಯಿತು. ಇನ್ನೊಂದು ತೆಗೆದರು, ಅದೂ ಒಡೆಯಿತು. ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಗಾರ್ಡ್ ಸಾಹೇಬರ ಹಣೆಯಲ್ಲಿ ಬೆವರು. ನಾನು ಪರದೆಯ ಮರೆಯಿಂದ ಮುಂದಿನ ಮಾತು ಹೇಳಿಕೊಡುತ್ತಲೇ ಇದ್ದೆ, ಅವರ ಕಿವಿಗೆ ಏನೂ ಬೀಳುತ್ತಿರಲಿಲ್ಲ.

ರಂಗದ ಆಚೆ ತುದಿಯಲ್ಲಿ ಪಾದ್ರಿ ಸುಮ್ಮನೆ ನಿಂತಿರಬೇಕಿತ್ತು. ಕಾಕಾಗೆ ನಿಲ್ಲಲಾಗಲಿಲ್ಲ.

“ತಡೀರಿ ಗಾರ್ಡ್ ಸಾಹೇಬ್ರ, ಕೈ ಕೊಯ್ತೀರಿ,” ಅನ್ನುತ್ತಾ ಬಂದು, ನಿಲುವಂಗಿ ಮೊಣಕಾಲ ಮೇಲೆ ಎಳೆದುಕೊಂಡು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಅವ್ವನ ಕೈ ಹಿಡಿದು ಗೆಣ್ಣುಗಳನ್ನು ಮೆಲ್ಲಗೆ ಒತ್ತಿ ಸಡಿಲು ಮಾಡಿದರು. ಪಾದ್ರಿ ಬಳೆಗಾರನನ್ನು ಬದಿಗೆ ಸರಿಸಿ ಬಳೆ ಇಡಲು ಕೂತದ್ದು ಕಂಡು ಅಂಗಳಕ್ಕೆ ಅಂಗಳವೇ ಸಿಳ್ಳೆ ಹಾಕಿತು. ಆ ಗದ್ದಲದಲ್ಲಿ ಕಾಕಾ ತಗ್ಗಿದ ದನಿಯಲ್ಲಿ ಕೇಳಿದ್ದು ಹತ್ತಿರವಿದ್ದ ನನಗಷ್ಟೇ ಕೇಳಿಸಿತು.

“ಹಸರ ಇಡ್ಲೇನವಾ?”

ಅವ್ವ ಅವರ ಮುಖ ನೋಡಿದಳು. ಅವಳ ಮದುವೆಗೆ ಹಸಿರು ಬಳೆ ಇಟ್ಟವರೂ ಅವರೇ. ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.

“ಇಡ್ರಿ ಕಾಕಾ,” ಅಂದಳು. “ಕೈ ತುಂಬ ಇಡ್ರಿ.”

ಒಂದೂ ಒಡೆಯದಂತೆ ಎರಡೂ ಕೈಗೆ ಏರಿಸಿದರು. ಅವ್ವ ಎದ್ದು ನಿಂತು ಜನರ ಕಡೆ ಕೈ ಎತ್ತಿ ಆಡಿಸಿದಳು, ಅದು ನಾನು ಬರೆದದ್ದಲ್ಲ. ಆಮೇಲೆ ನಾನು ಬರೆದ ಮಾತಿನಂತೆ, ಗಿಡದ ಕೆಳಗೆ ಕೂತಿದ್ದವರನ್ನೆಲ್ಲ ಒಳಗೆ ಬರ್ರಿ ಅಂತ ಕರೆದಳು. ರಂಗದ ಮೇಲಿನ ಆಯಾ ಬಟ್ಲರುಗಳು ಏಳಬೇಕಿತ್ತು. ನೋಡಲು ಬಂದವರೂ ಎದ್ದರು. ನೇಕಾರರು, ಚಕ್ಕಡಿಯವರು, ಕಾಲೊನಿಯವರು ಎಲ್ಲ ಚಪ್ಪಲಿ ಬಿಟ್ಟು ಒಳಗೆ ಹೋದರು. ಹಿಡಿಸಲಾರದೆ ಕಿಟಕಿಯಲ್ಲೂ ನಿಂತರು. ಶಿರಹಟ್ಟಿಯವರು ಹಾಡು ಎತ್ತಿಕೊಂಡರು, ಅಯ್ಯನವರು ಪ್ರಾರ್ಥನೆ ಮಾಡಿದರು. ಆ ಹೊತ್ತಿನಲ್ಲಿ ಕಾಕಾ ನಿಲುವಂಗಿ ಕಳಚಿ ಮಡಚಿಟ್ಟು, ಬಾಗಿಲ ಹತ್ತಿರ ಗಾರ್ಡ್ ಸಾಹೇಬರ ಪಕ್ಕದಲ್ಲಿ ನಿಂತಿದ್ದರು. ಗಾರ್ಡ್ ಸಾಹೇಬರು ಅವರ ಹೆಗಲ ಮೇಲೆ ಕೈ ಹಾಕಿಕೊಂಡು, ಇಬ್ಬರೂ ಒಡೆದ ಬಳೆಗಳ ಬಗ್ಗೆ ಏನೋ ಮಾತಾಡಿ ನಗುತ್ತಿದ್ದರು.

ಮರುದಿನ ಡ್ಯೂಟಿಗೆ ಹೊರಟಾಗ ಅವ್ವನ ಕೈಯಲ್ಲಿ ಬಳೆ ಹಾಗೇ ಇದ್ದವು. ಓಣಿಯಲ್ಲಿ ಒಬ್ಬರು ಕೇಳಿದ್ದಕ್ಕೆ, ಪಾದ್ರಿಗಳೇ ಇಟ್ಟದ್ದು, ತೆಗೆಯುವುದು ಹೇಗೆ ಅಂತ ಅಂದಳಂತೆ. ಹೆರಿಗೆಗೆ ಹೋದಾಗ ಬಿಚ್ಚಿ ಸೆರಗಿಗೆ ಕಟ್ಟಿಕೊಳ್ಳುವುದು, ಮುಗಿದ ಮೇಲೆ ಹಾಕಿಕೊಳ್ಳುವುದು. ಹಳೆಯವು ಒಡೆದಾಗ ಹೊಸವು ಬಂದವು.

ನಾಟಕದ ಖಬರು ನಮಗಿಂತ ಮುಂದೆ ಓಡಿತು. ಲಕ್ಷ್ಮೇಶ್ವರದವರು ನಮ್ಮೂರಿಗೂ ಬರ್ರಿ ಅಂತ ಹೇಳಿ ಕಳಿಸಿದರು. ಲಾರಿ ಮಾಡಿಕೊಂಡು ಹೋದೆವು. ಅಲ್ಲಿ ಒಬ್ಬ ಮುದುಕಿ, ಪಾದ್ರಿ ಎರೆಮಣ್ಣಿಗೆ ಬೂಟು ಕಳೆದುಕೊಂಡದ್ದು ಹೊಂಬಳದ ದಾರಿಯಲ್ಲಿ ಅಲ್ಲ, ನಮ್ಮೂರ ಹಳ್ಳದಲ್ಲಿ, ಎಳೆದು ತೆಗೆದವರು ನಮ್ಮ ಮಾವನವರು ಅಂತ ಹಟ ಹಿಡಿದಳು. ನಾನು ಎರಡನೆಯ ಬೂಟು ಅಲ್ಲಿ ಕಳೆಯುವಂತೆ ಬರೆದೆ. ಶಿರಹಟ್ಟಿಯಲ್ಲಿ, ಆ ಊರಿನ ಒಬ್ಬರ ಮನೆಯಲ್ಲಿ ಪಾದ್ರಿ ಉಂಡ ಎಣಗಾಯಿ ಪಲ್ಯ ನಾಟಕಕ್ಕೆ ಸೇರಿತು. ಎಲ್ಲರಿಗೂ ತಮ್ಮ ಅಜ್ಜ ಅಜ್ಜಿಯರು ಒಳಗೆ ಬೇಕಾಗಿತ್ತು, ನಾನು ಯಾರನ್ನೂ ಬೇಡ ಅನ್ನಲಿಲ್ಲ. ಮುಂಡರಗಿಗೆ ಹೋಗುವ ಹೊತ್ತಿಗೆ ನಾಟಕ ಎಷ್ಟು ಉದ್ದವಾಗಿತ್ತೆಂದರೆ ಮಧ್ಯಾಹ್ನದ ಊಟ ಮುಗಿಸಿದ ಕೂಡಲೇ ಶುರು ಮಾಡಬೇಕಾಯಿತು.

ಅಲ್ಲಿ ಅರ್ಧ ಮುಗಿದಿತ್ತು. ಹೊಲದ ಕೆಲಸ ಮುಗಿಸಿ, ತಲೆಯ ಮೇಲೆ ಮೆಣಸಿನಕಾಯಿ ಬುಟ್ಟಿ ಹೊತ್ತ ಐದಾರು ಹೆಂಗಸರು ಬಂದು ನಿಂತರು. ಎಷ್ಟು ಹೋಯಿತು ಅಂತ ಕೇಳಿದರು. ಅರ್ಧ ಹೋಯಿತು ಅಂದೆ. ಬುಟ್ಟಿ ಇಳಿಸಿ ಮುಂದಿನ ಸಾಲಿನಲ್ಲೇ ಜಾಗ ಮಾಡಿಕೊಂಡು ಕೂತರು.

“ಹಂಗಾದ್ರ ಮೊದಲಿಂದ ಹಚ್ಚರಿ,” ಅಂದಳು ಅವರಲ್ಲಿ ಹಿರಿಯಳು.

ಕಾಕಾ ನನ್ನ ಕಡೆ ನೋಡಿದರು, ಅವ್ವ ಗಾರ್ಡ್ ಸಾಹೇಬರ ಕಡೆ ನೋಡಿದಳು. ಹೊತ್ತು ಇನ್ನೂ ಇತ್ತು. ನೇಕಾರ ಅಜ್ಜ ಆಗಲೇ ಹೋಗಿ ಮೊದಲ ದೃಶ್ಯದ ಜಾಗದಲ್ಲಿ ನಿಂತುಬಿಟ್ಟಿದ್ದರು.